ಮೊಳೆ ಹೊಡೆಯದೆ ಎಳೆದ ವೈರು

ಹೋಮ್ ಥಿಯೇಟರ್ ಎಂಬ ಹೆಸರಿನಲ್ಲಿ ಮನೆ ಇದೆ, ಥಿಯೇಟರ್ ಇದೆ, ವೈರಿನ ಸುದ್ದಿ ಮಾತ್ರ ಇಲ್ಲ. ಮೋಸ ಅಲ್ಲಿಂದಲೇ ಶುರು. ದೊಡ್ಡ ಪೆಟ್ಟಿಗೆಯ ಮೇಲೊಂದು ಚಿತ್ರವಿತ್ತು. ಬೆಳ್ಳನೆಯ ಗೋಡೆ, ಉದ್ದನೆಯ ಸೋಫಾ, ಅದರ ಮೇಲೆ ನಗುತ್ತ ಕುಳಿತ ಗಂಡ, ಹೆಂಡತಿ, ಮಕ್ಕಳು, ಸುತ್ತಲೂ ಐದು ಸ್ಪೀಕರು. ಕನ್ನಡಕ ಹಾಕಿಕೊಂಡು ಹುಡುಕಿದರೂ ಆ ಚಿತ್ರದಲ್ಲಿ ಒಂದು ಗೇಣು ವೈರು ಕಾಣಲಿಲ್ಲ. ಆ ಮನೆಯವರು ಸೋಫಾದ ಮೇಲೆ ಕೂರುವ ಮುಂಚೆಯೇ ಜಗಳ ಮುಗಿಸಿ, ಮುಖ ತೊಳೆದುಕೊಂಡು ಬಂದಿದ್ದಿರಬೇಕು.

ನಮ್ಮದು ಕುಷ್ಟಗಿಯಲ್ಲಿ ಬೀಜ ಗೊಬ್ಬರದ ಅಂಗಡಿ. ದಿನವಿಡೀ ಗಿರಾಕಿಗಳ ಜತೆ ಗಂಟಲು ಹರಿದುಕೊಂಡು ಮನೆಗೆ ಬಂದ ಮೇಲೆ ನನಗೆ ಬೇಕಾಗುವುದು ಯಾರೂ ಮಾತಾಡದ ಒಂದು ಮೂಲೆ. ಅಂಥವನ ಮನೆಗೆ ಐದು ಸ್ಪೀಕರು, ಅವುಗಳ ಜತೆಗೆ ಗುಡುಗುವುದಕ್ಕೆಂದೇ ಮಾಡಿದ ಒಂದು ಕರೀ ಡಬ್ಬಿ ಬಂದವು. ಕಳಿಸಿದವನು ಗಂಗಾವತಿಯ ಅಳಿಯ. ಅವನಿಗೆ ಅಲ್ಲಿ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಕೆಲಸ. ನನ್ನ ಮಗಳು ಬಸುರಿಯಾಗಿ ನಮ್ಮ ಮನೆಗೆ ಬಂದಿದ್ದಳು. ಕೊಪ್ಪಳದ ಡಾಕ್ಟರಮ್ಮ ಅವಳನ್ನು ನೋಡಿ, ಹೆರಿಗೆಯವರೆಗೆ ಹಾಸಿಗೆ ಹಿಡಿದೇ ಇರಬೇಕು, ಬಚ್ಚಲಿಗೆ ಹೋಗಿ ಬರುವಷ್ಟು ಓಡಾಡಿದರೆ ಸಾಕು ಎಂದಿದ್ದರು. ಮಲಗಿ ಮಲಗಿ ಹೆಂಡತಿಗೆ ಬೇಸರವಾಗಬಾರದು, ಸಿನಿಮಾ ನೋಡುತ್ತ ಹೊತ್ತು ಕಳೆಯಲಿ ಎಂದು ಅಳಿಯ ಪ್ರೀತಿಯಿಂದ ಕಳಿಸಿದ್ದ. ಪ್ರೀತಿ ಅವನದು, ಏಣಿ ಹತ್ತುವ ಪಾಳಿ ನನ್ನದು.

ಇದಕ್ಕೆ ಮುಂಚೆ ಅವಳಿಗೆ ಒಂದು ಬಸಿರು ಹೋಗಿತ್ತು. ಐದು ತಿಂಗಳು ತುಂಬಿದ ಹೊತ್ತಿನಲ್ಲಿ. ಆಗ ಅವಳು ಗಂಗಾವತಿಯಲ್ಲಿ ಅತ್ತೆಯ ಮನೆಯಲ್ಲಿದ್ದಳು. ಕೋಣೆಯಲ್ಲಿ ಕನ್ನಡಿ ತೂಗುಹಾಕಬೇಕೆಂದು ಗಂಡನಿಗೆ ಹೇಳಿ ಗೋಡೆಗೆ ಒಂದು ಮೊಳೆ ಹೊಡೆಸಿದಳು. ಅದಾಗಿ ವಾರ ಕಳೆಯುವುದರೊಳಗೆ ಆಸ್ಪತ್ರೆ ಸೇರಿದಳು. ನಮ್ಮ ಕಡೆ ಮನೆಯಲ್ಲಿ ಬಸುರಿ ಇದ್ದರೆ ಗೋಡೆ ಕೆಡವುವುದಿಲ್ಲ, ಕಟ್ಟಿಸುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಗೋಡೆಗೆ ಬಿದ್ದ ಏಟು ಹೊಟ್ಟೆಯೊಳಗಿನ ಕೂಸಿಗೆ ತಾಗುತ್ತದೆ ಎನ್ನುತ್ತಾರೆ. ಬೀಗತಿ ಕೆಟ್ಟ ಹೆಂಗಸಲ್ಲ. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಸೊಸೆಯ ತಲೆ ಸವರುತ್ತ, “ಆ ಮೊಳಿ ಒಂದು ಹೊಡಸಬಾರದಿತ್ತವಾ” ಎಂದರು, ಅಷ್ಟೆ. ಡಾಕ್ಟರು ಹೇಳಿದ ಕಾರಣ ಬೇರೆಯೇ ಇತ್ತು. ಗರ್ಭಕೋಶದ ಬಾಯಿ ಸಡಿಲವಿದೆ, ಮುಂದಿನ ಸಲ ಹೊಲಿಗೆ ಹಾಕಿ ಮಲಗಿಸಿ ಇಡೋಣ ಎಂದಿದ್ದರು. ಅದು ಯಾರ ತಲೆಯಲ್ಲೂ ಉಳಿಯಲಿಲ್ಲ, ಮೊಳೆ ಉಳಿಯಿತು.

ಈ ಸಲದ್ದು ನಿಲ್ಲಬೇಕು. ಮನೆಯಲ್ಲಿ ಕೂತರೂ ನಿಂತರೂ ಅದೊಂದೇ ಚಿಂತೆ. ನನ್ನ ಹೆಂಡತಿ ಬಸುರಿಗೆ ಸೀರೆ ಉಡಿಸಿ ಆರತಿ ಮಾಡುವ ಕುಬುಸದ ಕಾರ್ಯವನ್ನೂ ಮಾಡಲಿಲ್ಲ, ನಾಲ್ಕು ಜನರ ಕಣ್ಣು ಬೀಳುವುದು ಬೇಡ ಎಂದಳು. ಹೊಲಿಗೆ ಹಾಕಿಸಿಕೊಂಡ ಮಗಳನ್ನು ಪಡಸಾಲೆಯ ಮಂಚದ ಮೇಲೆ ಮಲಗಿಸಿ, ಹಾಲಿನ ಪಾತ್ರೆ ಕಾಯುವ ಹಾಗೆ ಕಾಯುತ್ತಿದ್ದಳು. ನಾನು ಪೆಟ್ಟಿಗೆ ಬಿಚ್ಚಿ ಸ್ಪೀಕರುಗಳನ್ನು ಒಂದೊಂದಾಗಿ ಹೊರಗೆ ತೆಗೆಯುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

“ಏನರ ಮಾಡ್ಕೋರಿ, ಗ್ವಾಡಿಗೆ ಮಾತ್ರ ಸುತ್ತಿಗಿ ಹಚ್ಚಬ್ಯಾಡ್ರಿ.”

“ಮೊಳಿ ಇಲ್ದ ವೈರ್ ಹೆಂಗ ನಿಲ್ತೈತಿ?”

“ಅದು ನನಗೇನ ಗೊತ್ತು? ನಿಲ್ಲಂಗಿಲ್ಲ ಅಂದ್ರ ಎಲ್ಲಾ ಕಟ್ಟಿ ಅಟ್ಟದ ಮ್ಯಾಲ ಇಡ್ರಿ. ಸಿನಿಮಾ ನೋಡ್ಲಿಲ್ಲಂದ್ರ ಯಾರೂ ಸಾಯಂಗಿಲ್ಲ.”

ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಊರ ತುಂಬ ಹೇಳಿಕೊಂಡು ತಿರುಗಿದವನು ನಾನು. ನಮ್ಮ ಸಾಲಿನಲ್ಲಿ ಅಮಾವಾಸ್ಯೆಗೆ ಲಿಂಬೆಹಣ್ಣು ಕಟ್ಟದ ಅಂಗಡಿ ನನ್ನದೊಂದೇ. ಆದರೆ ಆ ದಿನ ವಾದ ಮಾಡುವ ತ್ರಾಣ ನನಗಿರಲಿಲ್ಲ. ಮೊಳೆ ಇಲ್ಲದಿದ್ದರೇನು, ಬೇರೆ ದಾರಿ ಹುಡುಕಿದರಾಯಿತು ಎಂದುಕೊಂಡೆ. ಮಗಳು ಮಂಚದ ಮೇಲೆ ಮಗ್ಗುಲಾಗಿ ಮಲಗಿ ನಮ್ಮಿಬ್ಬರ ಮಾತು ಕೇಳಿಸಿಕೊಂಡಳು.

ನಮ್ಮದು ಹಳೆಯ ಮಾಳಿಗೆ ಮನೆ. ಗೋಡೆಗಳು ಕಲ್ಲು ಮಣ್ಣಿನವು, ಒಂದು ಮೊಳಕ್ಕಿಂತ ದಪ್ಪ; ಒಳಮೈಗೆ ಸಿಮೆಂಟು ಸವರಿ ಬಣ್ಣ ಹೊಡೆಸಿದ್ದೇವೆ. ಟಿ.ವಿ. ಇರುವುದು ಪಡಸಾಲೆಯ ಒಂದು ತುದಿಗೆ, ಮಂಚ ಇನ್ನೊಂದು ತುದಿಗೆ. ಮಂಚದ ಹಿಂದಿನ ಗೋಡೆಯಲ್ಲಿ ಅಜ್ಜನ ಕಾಲದ ಎರಡು ಗೂಡುಗಳಿವೆ, ಹಿಂದೆ ಬುಡ್ಡಿದೀಪ ಇಡುತ್ತಿದ್ದೆವು. ಹಿಂಬದಿಯ ಎರಡು ಸ್ಪೀಕರುಗಳು ಆ ಗೂಡುಗಳಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕುಳಿತವು. ಅದೊಂದು ಕೆಲಸ ಮೊಳೆಯಿಲ್ಲದೆ ಆಯಿತು. ಇನ್ನು ಟಿ.ವಿ.ಯ ಕೆಳಗಿನ ಯಂತ್ರದಿಂದ ಆ ಗೂಡುಗಳ ತನಕ ವೈರು ಹೋಗಬೇಕು. ಒಂದು ಬದಿಗೆ ತಲೆಬಾಗಿಲು. ಇನ್ನೊಂದು ಬದಿಗೆ ಅಡುಗೆಮನೆಯ ಬಾಗಿಲು, ಅದರ ಪಕ್ಕ ಬಚ್ಚಲಿನದು. ನೆಲದ ಮೇಲೆ ಎಳೆದರೆ ಮಗಳು ಬಚ್ಚಲಿಗೆ ಹೋಗುವ ದಾರಿಗೇ ಅಡ್ಡ. ಎಡವಿ ಬಿದ್ದಳೆಂದರೆ ಆಮೇಲೆ ಮೊಳೆಯೂ ಬೇಡ, ಗೋಡೆಯೂ ಬೇಡ.

ಪೆಟ್ಟಿಗೆಯೊಳಗೆ ಕೊಟ್ಟಿದ್ದ ವೈರು ಜನಿವಾರದಷ್ಟು ಸಣ್ಣದು, ಉದ್ದ ನೋಡಿದರೆ ಪಡಸಾಲೆಯ ನಡುವನ್ನೂ ಮುಟ್ಟುವುದಿಲ್ಲ. ಗೊಬ್ಬರದ ಚೀಲ ಹೊಲಿಯುವ ಸುತಳಿ ತಂದು ಗೋಡೆಗುಂಟ, ಬಾಗಿಲ ಮೇಲೆ, ಮೂಲೆ ಸುತ್ತಿ ಹಿಡಿದು, ಗೂಡಿನ ತನಕ ಅಳೆದೆ. ಆ ಸುತಳಿಯನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡು ಬಸ್ ನಿಲ್ದಾಣದ ಹತ್ತಿರದ ಎಲೆಕ್ಟ್ರಿಕ್ ಅಂಗಡಿಗೆ ಹೋದೆ.

“ಸ್ಪೀಕರ್ ವೈರ್ ಬೇಕಾಗಿತ್ತು.”

“ಎಂಥಾ ಸ್ಪೀಕರ್ರಿ? ಗಣಪತಿ ಮುಂದ ಹಚ್ಚೂದೋ, ಮನ್ಯಾಗ ಹಚ್ಚೂದೋ?”

“ಮನ್ಯಾಗ.”

“ಮನ್ಯಾಗಂದ್ರ ಯಾವುದಾರ ನಡೀತೈತ್ರಿ,” ಎಂದು ಅವನು ಮೂರು ಸುರುಳಿ ತೆಗೆದು ಮುಂದೆ ಹಾಕಿದ. ಒಂದು ಕೆಂಪು ಕರಿ ಜೋಡಿ. ಒಂದು ಗಾಜಿನಂಥ ಪಾರದರ್ಶಕ ಹೊದಿಕೆಯದು, ಒಳಗೆ ಒಂದು ಎಳೆ ಬಂಗಾರದ ಬಣ್ಣ, ಒಂದು ಎಳೆ ಬೆಳ್ಳಿಯ ಬಣ್ಣ. ಮೂರನೆಯದು ನೋಡಲು ಎರಡನೆಯದರಂತೆಯೇ ಇತ್ತು. ಅದರ ತುದಿಯನ್ನು ಉಗುರಿನಿಂದ ಕೆರೆದಾಗ ತಾಮ್ರದ ಬಣ್ಣ ಹೋಗಿ ಬಿಳಿ ಅಲ್ಯೂಮಿನಿಯಂ ಹೊರಬಂತು. ಬಣ್ಣ ಹಚ್ಚಿದ ಬೀಜ ನೋಡಿ ನೋಡಿ ನನ್ನ ಉಗುರು ಇಂಥದ್ದರಲ್ಲಿ ಪಳಗಿದೆ. ಅಂಗಡಿಯವನು ನಕ್ಕು, ಎರಡನೆಯದನ್ನೇ ನನ್ನ ಸುತಳಿಯ ಅಳತೆಗೆ ಹಿಡಿದು ಕತ್ತರಿಸಿಕೊಟ್ಟ. ಎರಡು ಬದಿಯ ವೈರೂ ಒಂದೇ ಉದ್ದ ಇರಬೇಕು ಎಂದು ಅಳಿಯ ಫೋನಿನಲ್ಲಿ ಹೇಳಿದ್ದರಿಂದ, ಹತ್ತಿರದ ಗೂಡಿಗೂ ದೂರದ ಗೂಡಿನಷ್ಟೇ ತಂದೆ. ಉಳಿದ ಸುರುಳಿ ಮಂಚದ ಕೆಳಗೆ ಹೋಯಿತು.

ಅಷ್ಟರಲ್ಲಿ ಹನುಮಸಾಗರದಿಂದ ನನ್ನ ಹೆಂಡತಿಯ ತಮ್ಮ ಬಂದ. ಅವನಿಗೆ ಅಲ್ಲಿ ದಾಳಿಂಬೆ ತೋಟವಿದೆ. ನಾನು ತಂದ ವೈರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಮೈದುನನಿಗೆ ಇರಬೇಕಾದ ಎಲ್ಲ ಅಧಿಕಾರದಿಂದ ಮೂಗು ಮುರಿದ.

“ಮಾವಾ, ಇದರಾಗ ಏನ್ ಕರೆಂಟ್ ಬರತೈತಿ? ನಮ್ಮ ಬೋರಿಗೆ ಇಳಿಸಿದ್ದರಾಗ ಉಳದ ಕೇಬಲ್ ಐತಿ. ಕೊಳವಿ ತಳದಾಗಿನ ಮೋಟಾರ ತಿರುಗಿಸ್ತೈತಿ ಅದು. ಸ್ಪೀಕರ್ ಒಂದು ಲೆಕ್ಕ ಏನು?”

ಬೇಡ ಎಂದರೂ ಮರುದಿನ ಬೈಕಿನ ಹಿಂದೆ ಸುತ್ತಿಕೊಂಡು ತಂದ. ಅಂಗೈ ಅರ್ಧದಷ್ಟು ಅಗಲದ ಚಪ್ಪಟೆ ಕೇಬಲ್, ಒಳಗೆ ಕೆಂಪು, ಹಳದಿ, ನೀಲಿ ಮೂರು ತಂತಿ. ಸ್ಪೀಕರಿನ ಹಿಂದೆ ಇರುವುದು ಕೆಂಪು ಮತ್ತು ಕರಿ ಎರಡೇ ತೂತು, ಒತ್ತಿದರೆ ಇಲಿಯ ಬಾಯಿಯಷ್ಟು ತೆರೆಯುತ್ತವೆ. ಅದರೊಳಗೆ ಬೋರ್‌ವೆಲ್ ಕೇಬಲನ್ನು ತುರುಕಲು ಅವನು ಮಧ್ಯಾಹ್ನದ ತನಕ ಹೆಣಗಿದ. ತಂತಿಯ ಅರ್ಧ ಎಳೆ ಕತ್ತರಿಸಿ ಹಾಕಿದ, ಹಳದಿಯನ್ನು ಕರಿ ಎಂದು ತಿಳಿ ಎಂದು ನನಗೆ ಹೇಳಿದ, ಕೊನೆಗೆ ಒಂದು ತೂತಿನ ಮುಚ್ಚಳ ಮುರಿದು ಊಟಕ್ಕೆ ಕುಳಿತ. ಆ ಕೇಬಲ್ಲಿನಲ್ಲಿ ನನ್ನ ಹೆಂಡತಿ ಈಗ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಾಳೆ. ಕೊಳವೆಯ ತಳಕ್ಕಿಳಿಯುವ ವಸ್ತುವಾದ್ದರಿಂದ ಎಷ್ಟು ಭಾರ ಹೇರಿದರೂ ಜಗ್ಗುವುದಿಲ್ಲ.

ಮೊದಲು ಗಮ್ ಟೇಪಿನ ಪ್ರಯೋಗ ಮಾಡಿದೆ. ಎರಡೂ ಬದಿ ಅಂಟು ಇರುವ ಟೇಪನ್ನು ಬಾಗಿಲ ಸುತ್ತ ಅಂಟಿಸಿ, ಅದರ ಮೇಲೆ ವೈರು ಒತ್ತುತ್ತ ಹೋದೆ. ಬೆಳಿಗ್ಗೆ ಚೆಂದವಾಗಿಯೇ ನಿಂತಿತು. ನಮ್ಮೂರಿನ ಬಿಸಿಲಿಗೆ ಗೋಡೆ ಕಾಯುತ್ತಿದ್ದಂತೆ ಒಂದು ತುದಿಯಿಂದ ಸರ್ರನೆ ಕಳಚಿಕೊಂಡು ಬಂತು. ಬರೀ ವೈರು ಬಂದಿದ್ದರೆ ಸಹಿಸಬಹುದಿತ್ತು. ಟೇಪಿನ ಬೆನ್ನಿಗೆ ಗೋಡೆಯ ಬಣ್ಣವೂ ಪದರುಪದರಾಗಿ ಎದ್ದು ಬಂತು. ಅಂಗಡಿ ಮುಚ್ಚಿ ಬಂದು ನೋಡಿದರೆ ಬಾಗಿಲ ಸುತ್ತ ಗೋಡೆಗೆ ತೊನ್ನು ಹತ್ತಿದ ಹಾಗೆ ಕಾಣುತ್ತಿತ್ತು. ಪೊರಕೆ ಹಿಡಿದು ನೆಲದ ಮೇಲಿನ ಬಣ್ಣದ ಚೂರು ಬಳಿಯುತ್ತ, ಇದು ನನ್ನ ವಯಸ್ಸಿಗೆ ಒಪ್ಪುವ ಕೆಲಸವಲ್ಲ ಎಂದು ಅನಿಸಿ ನಿಜಕ್ಕೂ ಕಣ್ಣಲ್ಲಿ ನೀರು ಬಂತು.

ಆಮೇಲೆ ಮೇಲೆ ನೋಡಿದೆ. ಮಾಳಿಗೆಯ ತೊಲೆ ಜಂತಿಗಳು ಕಂಡವು. ಟಿ.ವಿ.ಯ ಹಿಂದಿನಿಂದ ನೇರ ಮೇಲೆ, ಅಲ್ಲಿಂದ ಜಂತಿಗೆ ಸುತಳಿಯಿಂದ ಕಟ್ಟುತ್ತ ಕಟ್ಟುತ್ತ ಆಚೆ ತುದಿಗೆ, ಅಲ್ಲಿಂದ ಕೆಳಗೆ ಗೂಡಿಗೆ. ಜಂತಿಗೆ ಕಟ್ಟಬಹುದೇ ಎಂದು ಹೆಂಡತಿಯನ್ನು ಕೇಳಿದೆ. ಅವಳು “ಕಟ್ಟೂದಕ್ಕೇನಿಲ್ಲ, ಬಡಿಯೂದಕ್ಕ ಐತಿ” ಎಂದು ಅಪ್ಪಣೆ ಕೊಟ್ಟಳು. ಅವಳೇ ಏಣಿ ಹಿಡಿದು ನಿಂತಳು. ಕುತ್ತಿಗೆ ಮೇಲೆತ್ತಿ ಕಣ್ಣಿಗೆ ಮಣ್ಣು ಉದುರಿಸಿಕೊಳ್ಳುತ್ತ ಜಂತಿಗೊಂದು ಗಂಟು ಹಾಕಿ ಇಳಿಯುವಷ್ಟರಲ್ಲಿ ನನ್ನ ಭುಜ ಕಳಚಿಬಿದ್ದಂತಾಗಿತ್ತು. ಇಳಿದು ನೀರು ಕುಡಿಯುತ್ತಿದ್ದೆ. ಪಕ್ಕದ ಮನೆಯ ಮುದುಕಿ ಮಗಳನ್ನು ಮಾತಾಡಿಸಲು ಬಂದವಳು ಮೇಲೆ ನೋಡಿ ಗಾಬರಿಯಾದಳು.

“ಯವ್ವಾ, ಬಸುರಿ ತಲಿ ಮ್ಯಾಲ ಇಷ್ಟ್ ಗಂಟು ಹಾಕೀರಲ್ಲ! ಹೆರಿಗಿ ಗಂಟು ಬೀಳತೈತಿ, ಬಿಚ್ಚರಿ ಮೊದಲ.”

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ನಾನು ಲೋಟ ಕೆಳಗಿಟ್ಟು ಮತ್ತೆ ಏಣಿ ಹತ್ತಿದೆ. ಹಾಕಿದ ಗಂಟುಗಳನ್ನೆಲ್ಲ ಬಿಚ್ಚಿ, ವೈರನ್ನು ಜಂತಿಗಳ ಮೇಲೆ ಸುಮ್ಮನೆ ಹಾಯಿಸಿ ಬಿಟ್ಟೆ. ಜಂತಿ ಜಂತಿಯ ನಡುವೆ ಅದು ಜೋತುಬಿದ್ದು, ಕೆಳಗಿನಿಂದ ನೋಡಿದರೆ ಮದುವೆ ಚಪ್ಪರದ ಹಳೆಯ ತೋರಣದಂತೆ ಕಾಣುತ್ತಿತ್ತು. ಆ ರಾತ್ರಿ ನನ್ನ ಹೆಂಡತಿ ಗಂಗಾವತಿಗೆ ಫೋನು ಮಾಡಿ, “ಗ್ವಾಡಿಗೆ ಒಂದ್ ಮೊಳಿ ಸೈತ ಹಚ್ಚಿಲ್ರಿ ಅಕ್ಕಾರ, ನೀವೇನೂ ಕಾಳಜಿ ಮಾಡಬ್ಯಾಡ್ರಿ” ಎಂದು ಬೀಗತಿಗೆ ಹೇಳುತ್ತಿದ್ದುದು ಕೇಳಿಸಿತು. ಮಗಳಿಗೂ ಕೇಳಿಸಿರಬೇಕು, ಮಂಚ ಅಲ್ಲೇ ಇತ್ತು.

ಗುಡುಗುವ ಕರೀ ಡಬ್ಬಿಯ ವೈರು ಬೇರೆ. ಗೋಡೆಯ ಮೇಲೆ ಮೊದಲಿನಿಂದ ಇದ್ದ ಕರೆಂಟಿನ ಪಟ್ಟಿಯ ಮೇಲೆಯೇ ಅದನ್ನು ಸಿಕ್ಕಿಸಿದೆ, ಅದಕ್ಕೆ ಮೊಳೆಯನ್ನು ಹಿಂದೆ ಯಾವಾಗಲೋ ಹೊಡೆದಾಗಿತ್ತಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಚಾಲೂ ಮಾಡಿದರೆ ಡಬ್ಬಿ ಗುಂಯ್ ಎಂದು ಒಂದೇ ರಾಗ ಹಿಡಿಯಿತು. ಕರೆಂಟಿನ ವೈರಿನ ಪಕ್ಕ ಇದನ್ನು ಮಲಗಿಸಬಾರದಂತೆ, ಅಳಿಯ ಫೋನಿನಲ್ಲಿ ಹೇಳಿದ. ಎಲ್ಲಿ ಮಲಗಿಸಬೇಕಪ್ಪಾ, ನನ್ನ ಎದೆಯ ಮೇಲೆ ಮಲಗಿಸಿಕೊಳ್ಳಲೇ ಎಂದೆ. ಆದರೆ ಅದೇ ಹೊತ್ತಿಗೆ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು. “ಅಪ್ಪಾ, ಒಳಗಿಂದು ಒದ್ಯಾಕತ್ತೈತಿ ನೋಡು, ಸಪ್ಪಳಕ್ಕ.” ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಗುಂಯ್‌ಗುಡುವಿಕೆಯನ್ನು ಹಾಗೆಯೇ ಸ್ವಲ್ಪ ಹೊತ್ತು ಬಿಟ್ಟೆ.

ಜಂತಿಯ ಮೇಲಿನ ವೈರು ಬಹಳ ದಿನ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಮಗಳು ನಿದ್ದೆಯಲ್ಲಿದ್ದಾಗ ಗಾಳಿಗೋ, ಇಲಿ ಓಡಿದ್ದಕ್ಕೋ, ಸರಿದು ಸರಿದು ಪೂರ್ತಿ ಕೆಳಗೆ ಬಂತು. ಬಿದ್ದದ್ದು ಅವಳ ಹೊಟ್ಟೆಯ ಮೇಲೆ ಅಡ್ಡ. ಹಾವೆಂದು ತಿಳಿದು ಕಿರುಚಿಕೊಂಡಳು. ಅಂಗಡಿಯಿಂದ ನನ್ನನ್ನು ಕರೆಸಿದರು. ನಾನು ಓಡಿ ಬರುವಷ್ಟರಲ್ಲಿ ಹೆಂಡತಿ ವೈರನ್ನೆಲ್ಲ ಎಳೆದು ಅಂಗಳಕ್ಕೆ ಎಸೆದಿದ್ದಳು, ಮಗಳ ಕಾಲು ಹಿಡಿದುಕೊಂಡು ಕುಳಿತಿದ್ದಳು. ಕೊಪ್ಪಳಕ್ಕೆ ಫೋನು ಮಾಡಿದೆವು. ನೋವಿಲ್ಲ, ರಕ್ತವಿಲ್ಲ ಎಂದರೆ ಹೆದರಬೇಡಿ, ಮಲಗಿರಲಿ ಎಂದರು ಡಾಕ್ಟರಮ್ಮ.

ಎರಡು ದಿನ ಬಿಟ್ಟು, ಅಂಗಡಿಗೆ ಹೋಗುವ ಮುಂಚೆ, ವೈರನ್ನು ಮತ್ತೆ ಕೈಗೆ ತೆಗೆದುಕೊಂಡೆ. ಹೊಸ ದಾರಿಯೊಂದು ಹೊಳೆದಿತ್ತು. ಟಿ.ವಿ.ಯ ಪಕ್ಕದ ಕಿಟಕಿಯಿಂದ ಹೊರಗೆ, ಮಾಳಿಗೆಯ ಮೇಲೆ ಹತ್ತಿಸಿ, ಹಿಂದಿನ ಬೆಳಕಿಂಡಿಯಿಂದ ಒಳಗೆ ಇಳಿಸಿದರೆ ಗೂಡಿನ ಪಕ್ಕಕ್ಕೇ ಬರುತ್ತದೆ. ಮೇಲೆ ಗೊಬ್ಬರದ ಚೀಲ ಮುಚ್ಚಿ ಕಲ್ಲು ಹೇರಿದರೆ ಬಿಸಿಲು ಮಳೆಗೆ ಭಯವಿಲ್ಲ. ಅದನ್ನು ಮಗಳಿಗೆ ವಿವರಿಸುತ್ತಿದ್ದೆ. ಅವಳು ಕೇಳುತ್ತ ಕೇಳುತ್ತ ಎದ್ದು ಕುಳಿತಳು.

“ಅಪ್ಪಾ, ಒಂದ್ ಮಾತು ಕೇಳ್ತೀನಿ, ಖರೇ ಹೇಳು. ಹೋದ ಸಲ ನಾ ಮೊಳಿ ಹೊಡಿಸಿದ್ದಕ್ಕ ಹೋತು ಅಂತ ನೀನೂ ತಿಳಕೊಂಡಿಯೇನು?”

“ಹುಚ್ಚೀ, ಡಾಕ್ಟರ್ ಏನ್ ಹೇಳ್ಯಾರ ಗೊತ್ತಿಲ್ಲೇನು ನಿನಗ?”

“ಡಾಕ್ಟರ್ ಹೇಳಿದ್ದು ಬಿಡು. ನೀವು ಮಾಡೂದನ್ನ ನಾ ನೋಡಾಕತ್ತೀನಿ. ಒಂದ್ ವೈರ್ ತಗೊಂಡು ಇಡೀ ಮನಿ ಸುತ್ತಾಕತ್ತೀದಿ. ಈಗ ಮಾಳಗಿ ಹತ್ತಾವದಿ. ಬಾಯಲೆ ನಂಬಂಗಿಲ್ಲ ಅಂತಿ, ಕೈಲೆ ನಂಬೀದಿ.”

“ನಿಮ್ಮವ್ವಗ ಸಮಾಧಾನ ಆಗ್ಲಿ ಅಂತ ಮಾಡೂದವಾ ಇದು.”

“ಅವ್ವಗ ಸಮಾಧಾನ, ನಮ್ಮತ್ತಿಗೂ ಸಮಾಧಾನ. ಈ ಕೂಸು ಛಲೋ ಹುಟ್ಟಿತು ಅಂತ ತಿಳಕೋ. ಆವಾಗ ಎಲ್ಲಾರೂ ಏನಂತೀರಿ? ಈ ಸಲ ಗ್ವಾಡಿ ಮುಟ್ಟಲಿಲ್ಲ, ಅದಕ್ಕ ಉಳೀತು ಅಂತೀರಿ. ಅಂದ್ರ ಅದನ್ನ ನಾನ ಕೊಂದೆ ಅಂತ ಆತಲ್ಲ. ಇದು ಉಳಿದ್ರೂ ನಾ ಸಾಯೂತನಾ ಅದನ್ನ ಹೊರಬೇಕಲ್ಲಪ್ಪಾ.”

ನನ್ನ ಕೈಯಲ್ಲಿ ವೈರಿನ ಸುರುಳಿ ಇತ್ತು. ಇಷ್ಟು ದಿನ ನಾನು ಎಳೆದದ್ದು, ಬಿಚ್ಚಿದ್ದು, ಅಂಟಿಸಿದ್ದು ಎಲ್ಲವನ್ನೂ ಅವಳು ಮಲಗಿದಲ್ಲಿಂದಲೇ ತನ್ನ ಮೇಲಿನ ಆರೋಪದಂತೆ ಓದುತ್ತಿದ್ದಳು ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಮಂಚದ ಮೇಲೆ ಅವಳ ಪಕ್ಕ ಕುಳಿತೆ.

“ಸುತ್ತಿಗಿ ತಗೊಂಬಾ,” ಎಂದಳು.

ತಂದೆ. ವೈರಿಗೆ ಹಾಕುವ ಬಿಳಿ ಕ್ಲಿಪ್ಪುಗಳ ಪೊಟ್ಟಣವೂ ಮನೆಯಲ್ಲಿತ್ತು, ಒಂದೊಂದಕ್ಕೂ ಚೋಟುದ್ದದ ಉಕ್ಕಿನ ಮೊಳೆ. ಮಂಚದ ತಲೆದೆಸೆಯಲ್ಲಿ, ಗೂಡಿನ ಕೆಳಗೆ ಅವಳ ಕೈಗೆಟಕುವಲ್ಲಿ ವೈರನ್ನು ಗೋಡೆಗೆ ಹಿಡಿದೆ. ಸುತ್ತಿಗೆ ಎತ್ತಿದೆ. ಎತ್ತಿದ ಕೈ ಇಳಿಯಲಿಲ್ಲ. ಹೊಡೆದ ಮೇಲೆ ನಾಳೆ ಏನಾದರೂ ಆಗಿಬಿಟ್ಟರೆ ಎಂಬ ಒಂದೇ ಯೋಚನೆ ಮೊಣಕೈಯಲ್ಲಿ ಕುಳಿತಿತ್ತು. ಹಾಗಾದರೆ ಏನು ಗತಿ, ಆಗ ಇವಳು ಎರಡೆರಡು ಕೂಸಿನ ಭಾರ ಹೊರಬೇಕಲ್ಲ. ಮೂವತ್ತು ವರ್ಷ ಲಿಂಬೆಹಣ್ಣು ಕಟ್ಟದೆ ವ್ಯಾಪಾರ ಮಾಡಿದವನಿಗೆ ಒಂದು ಕ್ಲಿಪ್ಪು ಹೊಡೆಯುವ ಧೈರ್ಯ ಬರಲಿಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೈ ಚಾಚಿ ಕ್ಲಿಪ್ಪನ್ನು ತನ್ನ ಎರಡು ಬೆರಳಲ್ಲಿ ತೆಗೆದುಕೊಂಡು ತಾನೇ ಗೋಡೆಗೆ ಹಿಡಿದಳು.

“ಬಟ್ಟ ತಗಿಯವಾ, ಬೆರಳ ಮ್ಯಾಲ ಬೀಳತೈತಿ.”

“ತಗಿಯಂಗಿಲ್ಲ. ಹೊಡಿ.”

ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಕೇಳುತ್ತಿತ್ತು. ನಾನು ಹೊಡೆದೆ. ಮೊದಲ ಏಟು ಗೋಡೆಗೇ ಬಿದ್ದು ಬಣ್ಣ ಹಾರಿತು, ಎರಡನೆಯದಕ್ಕೆ ಮೊಳೆ ಹಿಡಿಯಿತು. ರೊಟ್ಟಿಯ ಸಪ್ಪಳ ನಿಂತಿತು. ಹಿಟ್ಟು ಮೆತ್ತಿದ ಕೈಯಲ್ಲೇ ಅವಳು ಬಾಗಿಲಿಗೆ ಬಂದಳು. ನನ್ನ ಕೈಯಲ್ಲಿನ ಸುತ್ತಿಗೆ ನೋಡಿದಳು, ಮಗಳ ಬೆರಳು ನೋಡಿದಳು. ಮಗಳು ತಾಯಿಯ ಕಡೆ ತಿರುಗಿ, ನನಗೆ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದಳು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಹೆಂಡತಿ ಒಳಗೆ ಹೋದಳು. ಹೊತ್ತಿದ ರೊಟ್ಟಿಯ ವಾಸನೆ ಪಡಸಾಲೆಯ ತನಕ ಬಂತು. ನಾನು ಉಳಿದ ಕ್ಲಿಪ್ಪುಗಳನ್ನು ಹೊಡೆಯುತ್ತ ಹೋದೆ, ಗೋಡೆಗುಂಟ, ಬಾಗಿಲ ಮೇಲೆ, ಟಿ.ವಿ.ಯ ತನಕ. ಕರೀ ಡಬ್ಬಿಯ ವೈರನ್ನೂ ಕರೆಂಟಿನ ಪಟ್ಟಿಯಿಂದ ಬಿಡಿಸಿ ದೂರಕ್ಕೆ ಹಾಕಿದೆ. ಗುಂಯ್ ಎನ್ನುವುದು ನಿಂತಿತು.

ಹೆಂಡತಿ ನನ್ನ ಜತೆ ಮಾತು ಬಿಟ್ಟಳು. ತಾಟು ಇಡುತ್ತಿದ್ದಳು, ನೀರು ಕೊಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಪಡಸಾಲೆಯಲ್ಲಿ ಸಿನಿಮಾ ಹಚ್ಚಿದರೆ ಎದ್ದು ದೇವರ ಕೋಣೆಗೆ ಹೋಗುತ್ತಿದ್ದಳು. ಮಗಳಿಗೆ ಮಾತ್ರ ಮೊದಲಿನಂತೆಯೇ ಊಟ, ಎಣ್ಣೆ, ಕಾಲೊತ್ತುವುದು ಎಲ್ಲ ನಡೆದಿತ್ತು. ಮಗಳು ಮಲಗಿದಲ್ಲಿಂದ ಸಿನಿಮಾ ನೋಡುತ್ತ ನೋಡುತ್ತ, ಹಿಂದಿನ ಸ್ಪೀಕರಿನಲ್ಲಿ ಮಳೆಯ ಸದ್ದು ಬಂದರೆ ತಿರುಗಿ ಗೋಡೆ ನೋಡುತ್ತಿದ್ದಳು. ನಾನು ದಿನಾ ಅಂಗಡಿಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಅವಳ ಮುಖದ ಬಣ್ಣ ನೋಡುತ್ತಿದ್ದೆ. ಫೋನು ಬಡಿದುಕೊಂಡರೆ ತೂಗುತ್ತಿದ್ದುದನ್ನು ಬಿಟ್ಟು ಓಡುತ್ತಿದ್ದೆ. ಯೂರಿಯಾ ಕೇಳಿದವನಿಗೆ ಪೊಟ್ಯಾಷ್ ಕೊಟ್ಟು ಬೈಸಿಕೊಂಡದ್ದೂ ಉಂಟು. ನಾನು ನಂಬುವುದಿಲ್ಲ ಎಂದು ನನಗೇ ನಾನು ಹೇಳಿಕೊಳ್ಳುವುದು ಅಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ನೋವು ಬಂತು. ಡಾಕ್ಟರಮ್ಮ ಹೇಳಿದ್ದ ದಿನಕ್ಕಿಂತ ತುಸು ಮೊದಲು. ಹೊಲಿಗೆಯನ್ನು ಹಿಂದಿನ ಭೇಟಿಯಲ್ಲೇ ಬಿಚ್ಚಿದ್ದರು. ಕೊಪ್ಪಳದ ದಾರಿಯುದ್ದಕ್ಕೂ ಗಾಡಿಯ ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮಗಳ ತಲೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಸಣ್ಣದು, ಆದರೆ ಒಳ್ಳೆ ಗಂಟಲಿತ್ತು. ಬಾಗಿಲಾಚೆಯಿಂದ ಆ ಅಳು ಕೇಳಿ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವನು ತುಂಬ ಹೊತ್ತು ಏಳಲಿಲ್ಲ.

ಸಂಜೆಗೆ ಗಂಗಾವತಿಯಿಂದ ಬೀಗರ ಮನೆಯವರೆಲ್ಲ ಬಂದರು. ವಾರ್ಡಿನ ಮಂಚದ ಸುತ್ತ ಜನ ನೆರೆದರು. ಮಗಳು ಕಣ್ಣು ಮುಚ್ಚಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ. ಬೀಗತಿ ಕೂಸನ್ನು ನೋಡಿ ದೃಷ್ಟಿ ತೆಗೆದು, ಕಣ್ಣೊರೆಸಿಕೊಂಡು, ನನ್ನ ಹೆಂಡತಿಯ ಎರಡೂ ಕೈ ಹಿಡಿದುಕೊಂಡರು.

“ಭಾಳ ಉಪಕಾರ ಆತ್ರಿ ಅಕ್ಕಾರ. ನೀವು ಗ್ವಾಡಿಗೆ ಒಂದ್ ಮೊಳಿ ಸೈತ ಹಚ್ಚದಂಗ ಕಾಯ್ದು ಉಳಿಸಿ ಕೊಟ್ರಿ. ಹೋದ ಸಲ ನಮ್ಮಲ್ಲಿ ಆದ ತಪ್ಪು ನಿಮ್ಮಲ್ಲಿ ಆಗಲಿಲ್ಲ.”

ಮಗಳ ಮುಚ್ಚಿದ ರೆಪ್ಪೆ ಅಲುಗಿದ್ದನ್ನು ನಾನು ನೋಡಿದೆ. ಈಗ ನಾನು ಮಾತಾಡಬೇಕು ಎಂದುಕೊಂಡೆ. ಅಷ್ಟು ಜನರ ಸಂತೋಷದ ನಡುವೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ನನ್ನ ಹೆಂಡತಿ ತನ್ನ ಕೈ ಬಿಡಿಸಿಕೊಂಡು ಕೂಸಿನ ಕುಲಾವಿ ಸರಿಮಾಡಿದಳು.

“ಹೊಡದೀವ್ರಿ,” ಎಂದಳು.

“ಏನ್ರಿ?”

“ಮೊಳಿ ಹೊಡದೀವ್ರಿ. ಒಂದಲ್ಲ, ಪಡಸಾಲಿ ತುಂಬ ಹೊಡದೀವಿ. ಇವ್ರು ಹೊಡದಾರ, ನನ್ನ ಮಗಳು ಹಿಡದಾಳ. ಈ ಸಲ ಏನೂ ಆಗಿಲ್ಲ. ಹೋದ ಸಲಾನೂ ಮೊಳಿಯಿಂದ ಆಗಿದ್ದಲ್ಲದು. ಬರ್ರಿ, ಮೊಮ್ಮಗಳ್ನ ಎತ್ಕೋರಿ.”

ಬೀಗತಿ ನಿಧಾನಕ್ಕೆ ಎರಡೂ ಕೈ ಮುಂದೆ ಚಾಚಿದರು. ಮಗಳು ಕಣ್ಣು ತೆರೆಯಲಿಲ್ಲ. ಮುಚ್ಚಿದ ಕಣ್ಣಿನಿಂದಲೇ ನೀರು ಹರಿದು ಎರಡೂ ಕಿವಿಯ ಕಡೆ ಇಳಿಯಿತು. ನನ್ನ ಹೆಂಡತಿ ಕೂಸನ್ನು ಬೀಗತಿಯ ಕೈಗೆ ಕೊಟ್ಟು, ಸೆರಗಿನ ತುದಿಯಿಂದ ಮಗಳ ಕಿವಿ ಒರೆಸಿದಳು.